ಕೋವಿಯ ನಂಬರು

ಚುನಾವಣೆ ಘೋಷಣೆಯಾಯಿತೆಂದರೆ ಮಲೆನಾಡಿನ ನಮ್ಮ ಊರಿನಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದವರೆಲ್ಲ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಠಾಣೆಗೆ ಹೋಗುತ್ತಾರೆ. ಅಲ್ಲಿನ ರೈಟರು ಕೋವಿಯ ಮೇಲೆ ಕೆತ್ತಿರುವ ನಂಬರನ್ನು ಪರವಾನಗಿ ಪುಸ್ತಕದೊಂದಿಗೆ ತಾಳೆ ನೋಡಿ ರಸೀದಿ ಬರೆದುಕೊಡುತ್ತಾರೆ. ನನ್ನ ತಂದೆ ಆ ಚೀಟಿಯನ್ನು ಪಹಣಿ ಪತ್ರಗಳ ಜೊತೆಗೇ ಇಡುತ್ತಿದ್ದರು. ಒಂಟಿ ನಳಿಗೆಯ ಹಳೆಯ ಕೋವಿಗೇ ಇಷ್ಟು ಶಿಸ್ತಿರುವಾಗ, ಕಾವಲಿಗೆ ಸಿಬ್ಬಂದಿಯೇ ಇರುವ ಶಸ್ತ್ರಾಗಾರದಲ್ಲಿ ಲೆಕ್ಕ ತಪ್ಪುವುದಾದರೂ ಹೇಗೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು 2020ರ ಫೆಬ್ರವರಿಯಲ್ಲಿ, ಕೇರಳ ವಿಧಾನಸಭೆಯಲ್ಲಿ ಮಂಡನೆಯಾದ ಸಿಎಜಿ (ಸರ್ಕಾರಿ ಲೆಕ್ಕಪತ್ರಗಳನ್ನು ಪರಿಶೋಧಿಸುವ ಸಂಸ್ಥೆ) ವರದಿಯ ಸುದ್ದಿ ಓದಿದಾಗ.

ತಿರುವನಂತಪುರದ ವಿಶೇಷ ಸಶಸ್ತ್ರ ಪೊಲೀಸ್ ಪಡೆಯ ದಾಸ್ತಾನಿನಲ್ಲಿ 25 ಇನ್ಸಾಸ್ ರೈಫಲ್‌ಗಳೂ 12,061 ಸಜೀವ ಗುಂಡುಗಳೂ ಕಡಿಮೆ ಇವೆ ಎಂದು ಆ ವರದಿ ಹೇಳಿತು. ರಾಜಕೀಯ ಗದ್ದಲ ಸಹಜವಾಗಿಯೇ ಎದ್ದಿತು; ರೈಫಲ್‌ಗಳು ಯಾರ ಕೈ ಸೇರಿದವು ಎಂಬ ಊಹಾಪೋಹಗಳಿಗೂ ಕೊರತೆಯಿರಲಿಲ್ಲ. ಕೆಲವೇ ದಿನಗಳಲ್ಲಿ ಅಪರಾಧ ವಿಭಾಗದವರು ಪಡೆಯ ಹೆಸರಿನಲ್ಲಿದ್ದ 660 ರೈಫಲ್‌ಗಳನ್ನು ಎಣಿಸಲು ಕುಳಿತರು. 647 ರೈಫಲ್‌ಗಳನ್ನು ಶಿಬಿರಕ್ಕೆ ತರಿಸಿ ಪರಿಶೀಲಿಸಲಾಯಿತು, ಉಳಿದ 13 ಮಣಿಪುರಕ್ಕೆ ಹೋಗಿದ್ದ ಸಿಬ್ಬಂದಿಯ ಬಳಿ ಇವೆ ಎಂದು ಹೇಳಲಾಯಿತು. ಅಂದರೆ ಅವರ ಎಣಿಕೆಯ ಪ್ರಕಾರ ಒಂದು ರೈಫಲ್ಲೂ ಕಳೆದಿರಲಿಲ್ಲ, ಕಳೆದದ್ದು ಅದು ಎಲ್ಲಿದೆ ಎಂಬ ಬರಹ ಮಾತ್ರ. ಒಂದು ವಾರದೊಳಗೆ ಮುಗಿದ ಈ ಎಣಿಕೆ, ಲೆಕ್ಕಪರಿಶೋಧಕರು ಬಂದು ಕೇಳಿದಾಗಲೇ ಏಕೆ ಆಗಲಿಲ್ಲ ಎನ್ನುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ಇಲ್ಲಿಗೆ ಎಲ್ಲರೂ ನಿಟ್ಟುಸಿರು ಬಿಡಬಹುದಿತ್ತು, ಆದರೆ ಗುಂಡುಗಳ ಕಥೆ ಬೇರೆಯೇ ಆಗಿತ್ತು. ತರಬೇತಿಗೆ ಬಳಸುವ 250 ಡ್ರಿಲ್ ಕಾಟ್ರಿಜ್‌ಗಳ ಕೊರತೆಯನ್ನು ಮುಚ್ಚಲು ಅಷ್ಟೇ ಸಂಖ್ಯೆಯ ನಕಲಿ ಕಾಟ್ರಿಜ್‌ಗಳನ್ನು ಇಡಲಾಗಿತ್ತೆಂದು ಸಿಎಜಿ ವರದಿಯಲ್ಲೇ ಇದೆ. ಗುಂಡು ಹಾರಿಸುವ ಅಭ್ಯಾಸ ಮುಗಿದ ಮೇಲೆ ನೆಲದಲ್ಲಿ ಬಿದ್ದ ಖಾಲಿ ಖೋಕಾಗಳನ್ನು, ಅಂದರೆ ಗುಂಡಿನ ಹೊರಕವಚಗಳನ್ನು, ಒಂದೊಂದಾಗಿ ಆಯ್ದು ಲೆಕ್ಕಕ್ಕೆ ಒಪ್ಪಿಸಬೇಕೆಂಬುದು ಪೊಲೀಸರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. ಒಂದು ಖೋಕಾ ಹುಲ್ಲಿನಲ್ಲಿ ಮರೆಯಾದರೆ ಇಡೀ ತುಕಡಿ ಬಿಸಿಲಿನಲ್ಲಿ ಹುಡುಕುತ್ತ ನಿಲ್ಲಬೇಕಾಗುತ್ತದೆ. ಅಂತಹ ಇಲಾಖೆಯಲ್ಲಿ ಕೊರತೆ ಕಂಡವನಿಗೆ ಅದನ್ನು ಬರೆದು ಒಪ್ಪಿಕೊಳ್ಳುವುದಕ್ಕಿಂತ ನಕಲಿ ಮಾಲು ತಂದಿಡುವುದೇ ಸುಲಭವಾಗಿ ತೋರಿರಬೇಕು. ನನ್ನ ಆತಂಕವಿರುವುದು ಇಲ್ಲಿಯೇ. ಅದೇ ಪಡೆಯ, ಅದೇ ಸಡಿಲ ದಾಖಲೆಗಳಲ್ಲಿ ರೈಫಲ್‌ಗಳ ಮಟ್ಟಿಗೆ ಬರಿಯ ಅಜಾಗರೂಕತೆಯೂ ಕಾಟ್ರಿಜ್‌ಗಳ ಮಟ್ಟಿಗೆ ಉದ್ದೇಶಪೂರ್ವಕ ವಂಚನೆಯೂ ಅಕ್ಕಪಕ್ಕದಲ್ಲಿ ಕುಳಿತಿದ್ದವು, ಮತ್ತು ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ರೀತಿ ಕಾಣುತ್ತಿದ್ದವು.

ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿ ನಡೆದರೆ ಹೇಗಿರುತ್ತದೆ ಎಂಬುದಕ್ಕೆ ಇರಾಕ್ ಇದೆ. 2007ರಲ್ಲಿ ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆಯಾದ ಸರ್ಕಾರಿ ಹೊಣೆಗಾರಿಕೆ ಕಚೇರಿ ಒಂದು ವರದಿ ಪ್ರಕಟಿಸಿತು. ಇರಾಕಿ ಪಡೆಗಳಿಗೆ 1,85,000 ಎಕೆ-47 ರೈಫಲ್‌ಗಳನ್ನೂ 1,70,000 ಪಿಸ್ತೂಲುಗಳನ್ನೂ ಕೊಟ್ಟಿದ್ದೇವೆ ಎಂದು ಸೇನಾ ತರಬೇತಿ ಕಮಾಂಡ್ ಹೇಳುತ್ತಿದ್ದರೆ, ಅದರದೇ ಆಸ್ತಿ ಪುಸ್ತಕಗಳಲ್ಲಿ ಸುಮಾರು 75,000 ರೈಫಲ್ ಮತ್ತು 90,000 ಪಿಸ್ತೂಲುಗಳಿಗೆ ಮಾತ್ರ ನಮೂದು ಇತ್ತು. ನಡುವಿನ 1,90,000 ಆಯುಧಗಳಿಗೆ ಲೆಕ್ಕವಿಲ್ಲ. ಯುದ್ಧದ ಗಡಿಬಿಡಿ, ಸಿಬ್ಬಂದಿಯ ಕೊರತೆ ಎಂಬ ವಿವರಣೆಗಳು ಸುಳ್ಳಲ್ಲ. ವಿತರಣೆಯ ಕೇಂದ್ರೀಕೃತ ದಾಖಲೆಯೊಂದು ಶುರುವಾದದ್ದೇ 2005ರ ಡಿಸೆಂಬರಿನಲ್ಲಿ. ಆದರೆ ಅಷ್ಟರಲ್ಲಿ ಪೆಟ್ಟಿಗೆಗಳು ಲಾರಿಗಳಿಂದ ಇಳಿದು, ಹಂಚಿಕೆಯಾಗಿ, ಕೈಯಿಂದ ಕೈಗೆ ದಾಟಿಹೋಗಿದ್ದವು.

ಕೇರಳದವರು 647 ರೈಫಲ್‌ಗಳನ್ನು ಸಾಲಾಗಿ ಜೋಡಿಸಿ ನಂಬರು ಓದಿ ತಾಳೆ ನೋಡಲು ಸಾಧ್ಯವಾದದ್ದು ಆ ನಂಬರುಗಳು ಎಲ್ಲೋ ಒಂದು ಕಡೆ ಬರೆದಿದ್ದುದರಿಂದ. ಇರಾಕಿಗೆ ಕೊಟ್ಟ ಆಯುಧಗಳಲ್ಲಿ ಬಹುಪಾಲಿಗೆ ನಂಬರು ಬರೆದಿಟ್ಟುಕೊಂಡಿರಲೇ ಇಲ್ಲ. ಹಾಗಾಗಿ ಇಂದು ಯಾವುದಾದರೂ ದಾಳಿಯ ಸ್ಥಳದಲ್ಲಿ ಒಂದು ಎಕೆ-47 ಸಿಕ್ಕಿ, ಅದರ ಮೇಲಿನ ನಂಬರನ್ನು ಯಾರಾದರೂ ಸ್ಪಷ್ಟವಾಗಿ ಓದಿ ಹೇಳಿದರೂ, ಅದು ಲೆಕ್ಕಕ್ಕೆ ಸಿಗದ ಆ 1,10,000 ರೈಫಲ್‌ಗಳಲ್ಲಿ ಒಂದು ಹೌದೋ ಅಲ್ಲವೋ ಎಂದು ತಾಳೆ ನೋಡಲು ಪುಸ್ತಕವಿಲ್ಲ.