ಐದನೇ ಸಿಂಫನಿಯಲ್ಲಿ ಹಾರ್ನ್ ಬಿಟ್ಟುಕೊಟ್ಟ ಕೂಗು

ಗಣೇಶನ ಹಬ್ಬದ ರಸಮಂಜರಿಯಲ್ಲಿ ಹಾಡುವವರು ‘ಅರ್ಧ ಮನೆ ಏರಿಸಿ’ ಅಂದರೆ ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತುತ್ತಾರೆ, ಅಲ್ಲಿಗೆ ಮುಗಿಯಿತು. 1808ರ ವಿಯೆನ್ನಾದಲ್ಲಿ ಹಾರ್ನ್ ಎಂಬ ಹಿತ್ತಾಳೆಯ ಸುರುಳಿ ಕಹಳೆ ಊದುವವನಿಗೆ ಅದೇ ಕೆಲಸಕ್ಕೆ ಬೇರೊಂದು ಸುರುಳಿ ಕೊಳವೆ ಬೇಕಿತ್ತು, ಅದನ್ನು ಜೋಡಿಸಲು ನಡುವೆ ಬಿಡುವೂ ಬೇಕಿತ್ತು. ಬೀಥೋವನ್‌ನ ಐದನೇ ಸಿಂಫನಿ ಅಂದರೆ ಎಲ್ಲರೂ ಹೇಳುವುದು, ಅದರ ಮೊದಲ ನಾಲ್ಕು ಸ್ವರ ವಿಧಿ ಬಾಗಿಲು ತಟ್ಟಿದ ಸದ್ದು ಎನ್ನುವ ಕಥೆಯನ್ನು. ಅದನ್ನು ಹಬ್ಬಿಸಿದವನು ಬೀಥೋವನ್‌ನ ಕಾರ್ಯದರ್ಶಿಯಾಗಿದ್ದ ಷಿಂಡ್ಲರ್. ಕಿವುಡನಾದ ಬೀಥೋವನ್ ಜೊತೆ ಜನ ಬರೆದು ಮಾತಾಡುತ್ತಿದ್ದ ಸಂಭಾಷಣಾ ಪುಸ್ತಕಗಳಲ್ಲಿ ತಾನೇ ಮಾತು ಬರೆದು ಸೇರಿಸಿದ ಮನುಷ್ಯ, ನಂಬಿದರೆ ನಮ್ಮ ಹಣೆಬರಹ. ಕೊಳವೆಯ ಕಥೆ ಹಾಗಲ್ಲ, ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸ್ವರಲಿಪಿ, ತೆರೆದರೆ ಕಣ್ಣಿಗೇ ಕಾಣುತ್ತದೆ.

ತುಮಕೂರಿನ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಮೇಲೆ ಮೂರು ಗುಂಡಿ ಇರುತ್ತವಲ್ಲ, ಆ ವಾಲ್ವ್‌ಗಳಿಗೆ ಪ್ರಶ್ಯಾದಲ್ಲಿ ಪೇಟೆಂಟ್ ಸಿಕ್ಕಿದ್ದೇ 1818ರಲ್ಲಿ. ಅದಕ್ಕೂ ಹಿಂದಿನ ಹಾರ್ನ್ ಬರೀ ಉದ್ದದ ಕೊಳವೆ: ಎಫ್ ಶ್ರುತಿಗೆ ಸುಮಾರು 12 ಅಡಿ, ಸಿ ಶ್ರುತಿಗೆ ಸುಮಾರು 16 ಅಡಿ. ತುಟಿ ಬಿಗಿಮಾಡಿದಂತೆಲ್ಲ ಹುಟ್ಟುವ ಸ್ವರಗಳು ಕ್ರಮವಾಗಿ ಸ, ಪ, ಸ, ಗ, ಪ, ತುಸು ಇಳಿದ ಕೈಶಿಕಿ ನಿ, ಸ, ರಿ, ಗ. ಮುಂದೆ ಶುದ್ಧ ಮಧ್ಯಮವೂ ಅಲ್ಲ, ಪ್ರತಿ ಮಧ್ಯಮವೂ ಅಲ್ಲ ಎನ್ನುವಂಥ ಒಂದು ಮ, ಆಮೇಲೆ ಪ. ಜೂನಿಯರ್ ಪರೀಕ್ಷೆಗೆ ಕೂತವರಿಗೂ ಇಲ್ಲಿನ ತೊಂದರೆ ಗೊತ್ತಾಗುತ್ತದೆ: ಕೆಳಗಿನ ಸ್ಥಾಯಿಯಲ್ಲಿ ಸ್ವರಗಳ ನಡುವೆ ದೊಡ್ಡ ದೊಡ್ಡ ಕಂದಕ, ಪ-ಸ ನಡುವೆ ಧೈವತವೇ ಇಲ್ಲ. ಬಾಯಗಲದ ತುದಿಯೊಳಗೆ ಕೈ ತುರುಕಿ ಸ್ವರವನ್ನು ಇಳಿಸುವ ಉಪಾಯ ಇತ್ತು, 1750ರ ಹೊತ್ತಿಗೆ ಡ್ರೆಸ್ಡನ್‌ನ ಹಾರ್ನ್ ವಾದಕ ಹಾಂಪೆಲ್ ಅದನ್ನು ಪದ್ಧತಿಯಾಗಿ ರೂಢಿಸಿದ. ಆದರೆ ಹಾಗೆ ತೆಗೆದ ಸ್ವರ ಮಂಕು. ಮೆಲ್ಲಗಿನ ಭಾಗದಲ್ಲಿ ಸೊಗಸು, ಜೋರಾಗಿ ಊದಿದರೆ ಗರಗರ.

ಈಗ ಐದನೇ ಸಿಂಫನಿಯ ಮೊದಲ ಭಾಗಕ್ಕೆ ಬನ್ನಿ. ಕೃತಿ ಸಿ ಮೈನರ್, ಆದರೆ ಎರಡೂ ಹಾರ್ನ್‌ಗಳಿಗೆ ಕೊಳವೆ ಇ ಫ್ಲ್ಯಾಟ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಮನೆ. 59ನೇ ಬಾರ್‌ನಲ್ಲಿ (ಬಾರ್ ಅಂದರೆ ತಾಳದ ಒಂದು ಆವರ್ತದಂಥ ಅಳತೆ) ಹಾರ್ನ್‌ಗಳು ಎರಡನೇ ವಸ್ತುವನ್ನು, ಅಂದರೆ ಎರಡನೇ ಮುಖ್ಯ ರಾಗದೆಳೆಯನ್ನು, ಕೂಗಿ ಕರೆಯುತ್ತವೆ. ಹಾರ್ನ್‌ನ ಷಡ್ಜದಿಂದ ಎಣಿಸಿದರೆ ಪ ಪ ಪ ಸ ರಿ ಪ. ಎಲ್ಲವೂ ತೆರೆದ ಸ್ವರ, ಕೈ ಬೇಕಿಲ್ಲ, ಎದೆ ತುಂಬ ಊದಬಹುದು. ಅದೇ ಕೂಗು 303ನೇ ಬಾರ್‌ನಲ್ಲಿ ಮರಳಿ ಬರುವಾಗ ಸಿ ಮೇಜರ್‌ಗೆ ಇಳಿದಿರುತ್ತದೆ. ಅದೇ ಇ ಫ್ಲ್ಯಾಟ್ ಹಾರ್ನ್‌ನಲ್ಲಿ ಈಗ ಅದು ಗ ಗ ಗ ಧ ನಿ ಗ. ಧ ಇಲ್ಲ, ಬೇಕಾದ ಕಾಕಲಿ ನಿಯೂ ಇಲ್ಲ. ಎರಡಕ್ಕೂ ಕೈ ಹಾಕಬೇಕು, ಜೋರಾದ ಕೂಗಿನ ನಟ್ಟನಡುವೆ ಎರಡು ಸ್ವರ ಮುಚ್ಚಿದಂತೆ ಕೇಳುತ್ತದೆ. ಬೀಥೋವನ್ ಆ ಕೂಗನ್ನು, ಮರದ ತಗ್ಗುದನಿಯ ಊದುವ ವಾದ್ಯವಾದ ಬಾಸೂನ್ ಎರಡಕ್ಕೆ ಕೊಟ್ಟುಬಿಟ್ಟ.

ಬ್ಯಾಂಡ್‌ಸೆಟ್‌ನ ಬಿ ಫ್ಲ್ಯಾಟ್ ಟ್ರಂಪೆಟ್ ಕೈಗೆ ಸಿಕ್ಕರೆ ಪರೀಕ್ಷಿಸಿ. ಮೊದಲ ಕೂಗು ಅದರಲ್ಲಿ ಸಿ ಸಿ ಸಿ ಎಫ್ ಜಿ ಸಿ: ಎಫ್‌ಗೆ ಮಾತ್ರ ಒಂದನೇ ಗುಂಡಿ, ಉಳಿದದ್ದೆಲ್ಲ ತೆರೆದದ್ದು. ಎರಡನೆಯದು ಎ ಎ ಎ ಡಿ ಇ ಎ: ಎ ಸ್ವರಕ್ಕೆ ಒಂದು-ಎರಡು, ಮೇಲಿನ ಡಿಗೆ ಒಂದು, ಇ ತೆರೆದದ್ದು. ಎರಡೂ ಒಂದೇ ಕಸುವಿನಲ್ಲಿ ಮೊಳಗುತ್ತವೆ.

ಹಾಗಾದರೆ ನಡುವೆ ಕೊಳವೆ ಬದಲಿಸಬಹುದಿತ್ತಲ್ಲ? ಬದಲಿಸುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. 1803-04ರಲ್ಲಿ ಬರೆದ ಮೂರನೇ ಸಿಂಫನಿ ‘ಎರೋಯಿಕಾ’ದಲ್ಲಿ ಮೂರು ಹಾರ್ನ್ ಇವೆ. ಮೊದಲ ಭಾಗದ ಮುಖ್ಯ ವಸ್ತು ಮರಳುವ ಜಾಗದಲ್ಲಿ ಒಂದನೇ ಹಾರ್ನ್‌ನವನು ಎಫ್ ಕೊಳವೆ ಜೋಡಿಸಿಕೊಂಡು ಸ್ವಲ್ಪದರಲ್ಲೇ ಎಫ್ ಮೇಜರ್‌ನಲ್ಲಿ ಒಂಟಿಯಾಗಿ ನುಡಿಸುತ್ತಾನೆ. ಅದಕ್ಕೂ ಮುಂಚೆ, ವಸ್ತು ಮರಳುವುದಕ್ಕೆ ನಾಲ್ಕು ಬಾರ್ ಮೊದಲೇ, ಅದನ್ನು ಅವಸರದಲ್ಲಿ ಎತ್ತಿಕೊಳ್ಳುವವನು ಎರಡನೇ ಹಾರ್ನ್‌ನವನು. ತಾಲೀಮಿನಲ್ಲಿ ಶಿಷ್ಯ ರೀಸ್ ಅವನು ಎಣಿಕೆ ತಪ್ಪಿದನೆಂದು ಬೈದು, ಗುರುವಿನಿಂದ ಕಪಾಳಕ್ಕೆ ತಿನ್ನುವುದರಲ್ಲಿದ್ದನಂತೆ. ಬೇಕೆಂದಾಗ ಕೊಳವೆ ಬದಲಿಸಲು ಬಿಡುವು ಹೊಂದಿಸಿಕೊಡುತ್ತಿದ್ದ ಬೀಥೋವನ್ ಐದನೆಯದರಲ್ಲಿ ಹೊಂದಿಸಲಿಲ್ಲ. ಹಾಗಾಗಿ ‘ಪಾಪ, ವಾಲ್ವ್ ಇದ್ದಿದ್ದರೆ ಹಾರ್ನ್‌ಗೇ ಬರೆಯುತ್ತಿದ್ದ’ ಎಂದು ಬಾಸೂನ್ ಕಿತ್ತುಹಾಕಿ ಹಾರ್ನ್ ಕೂರಿಸುವ ನಿರ್ದೇಶಕರ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಾಸೂನ್‌ನ ಒರಟುತನ ಆ ಜಾಗಕ್ಕೆ ಬೇರೆಯೇ ಮುಖ ಕೊಡುತ್ತದೆ.

ನೀವೇ ಕೇಳಿ ತೀರ್ಮಾನಿಸಬಹುದು. ಹಾರ್ನ್ ಕೂಗು ಸಾಮಾನ್ಯವಾಗಿ ಮುಕ್ಕಾಲು ನಿಮಿಷದ ಒಳಗೆ ಬರುತ್ತದೆ. ಮೊದಲ 124 ಬಾರ್‌ಗಳನ್ನು ಎರಡನೇ ಸಲ ನುಡಿಸುವ ರೆಕಾರ್ಡಿಂಗ್ ಆದರೆ ಬಾಸೂನ್ ಐದನೇ ನಿಮಿಷದ ಆಸುಪಾಸು, ನುಡಿಸದಿದ್ದರೆ ಮೂರೂವರೆ ನಿಮಿಷಕ್ಕೆ. ಮೊಬೈಲ್ ಸ್ಪೀಕರ್ ಬೇಡ. ಬಾಸೂನ್‌ನ ತಳದ ನಾದವನ್ನು ಅದು ನುಂಗಿಹಾಕುತ್ತದೆ, ಇಯರ್‌ಫೋನ್ ಹಾಕಿಕೊಳ್ಳಿ. ಸ್ಕೋರ್ ಐಎಂಎಸ್‌ಎಲ್‌ಪಿ ಎಂಬ ಸ್ವರಲಿಪಿಗಳ ಜಾಲತಾಣದಲ್ಲಿ ಉಚಿತ. ಹಳೆಯ ಕಾಲದ ವಾದ್ಯಗಳಲ್ಲಿ ನುಡಿಸುವ ತಂಡಗಳು ಬಾಸೂನ್ ಉಳಿಸಿಕೊಳ್ಳುತ್ತವೆ. ಇಪ್ಪತ್ತನೇ ಶತಮಾನದ ನಡುವಿನ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಹಾರ್ನ್ ಸಿಗುವ ಸಾಧ್ಯತೆ ಹೆಚ್ಚು.

ಇದೇ ಕೊಳವೆ ಬೀಥೋವನ್‌ಗಿಂತ ಹಿರಿಯ ಸಂಯೋಜಕ ಹೈಡನ್ ಕೆಲಸಕ್ಕಿದ್ದ ಅರಮನೆಗೆ ಖರ್ಚನ್ನೂ ತಂದಿತ್ತು. 1772ರ 45ನೇ ಸಿಂಫನಿ, ‘ಬೀಳ್ಕೊಡುಗೆ’, ಎಫ್ ಶಾರ್ಪ್ ಮೈನರ್‌ನಲ್ಲಿದೆ, ನಾಲ್ಕೂವರೆ ಮನೆ. ಆ ಶ್ರುತಿಯ ಕೊಳವೆ ಯಾರ ಬಳಿಯೂ ಸಿದ್ಧವಿರುತ್ತಿರಲಿಲ್ಲ, ಅರ್ಧ ಮನೆ ಇಳಿಸುವ ತುಂಡುಗಳನ್ನು ಆ ವರ್ಷದ ಅಕ್ಟೋಬರ್‌ನಲ್ಲಿ ಮಾಡಿಸಬೇಕಾಯಿತು. ಕೊನೆಯ ಭಾಗದಲ್ಲಿ ವಾದಕರು ಒಬ್ಬೊಬ್ಬರಾಗಿ ಎದ್ದುಹೋಗುವುದು, ರಜೆ ಕೊಡದ ರಾಜಕುಮಾರ ನಿಕೋಲಸ್ ಎಸ್ಟರ್‌ಹಾಜಿಗೆ ಸುಳಿವು ಕೊಟ್ಟಿದ್ದು, ಎಲ್ಲರಿಗೂ ಗೊತ್ತು. ಮೊದಲು ಎದ್ದುಹೋಗುವುದು ಒಂದನೇ ಓಬೋ ಮತ್ತು ಎರಡನೇ ಹಾರ್ನ್.

ಐದನೇ ಸಿಂಫನಿಯ ಮೊದಲ ಪ್ರದರ್ಶನ 1808ರ ಡಿಸೆಂಬರ್ 22ರಂದು, ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ, ಸಂಜೆ ಆರೂವರೆಯಿಂದ ಹತ್ತೂವರೆವರೆಗೆ ಕೊರೆಯುವ ಚಳಿಯಲ್ಲಿ ನಡೆದ, ಹಲವು ಕೃತಿಗಳ ಕಛೇರಿಯಲ್ಲಿ. ಐದನೆಯದರ ನಾಲ್ಕನೇ ಭಾಗಕ್ಕೆ ಮಾತ್ರ ಮೂರು ಟ್ರಾಂಬೋನ್, ಒಂದು ಪಿಕೊಲೊ, ಒಂದು ಕಾಂಟ್ರಾಬಾಸೂನ್ ಸೇರುತ್ತವೆ. ಟ್ರಾಂಬೋನ್‌ಗೆ ಎಳೆಯುವ ಸ್ಲೈಡ್ ಇರುವುದರಿಂದ ಸ್ವರದ ಕೊರತೆಯಿಲ್ಲ, ಆದರೆ ವಿಯೆನ್ನಾದಲ್ಲಿ ಅದು ಚರ್ಚ್ ಮತ್ತು ಒಪೆರಾದ ವಾದ್ಯ, ಸಿಂಫನಿಯಲ್ಲಿ ಅಪರೂಪ. ಮೂರು ಭಾಗ ಸುಮ್ಮನೆ ಕೂತವರ ಕೊಳವೆಯೊಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ ಶ್ರುತಿ ಅರ್ಧ ಮನೆಯ ಮೂರನೇ ಒಂದರಷ್ಟು ಇಳಿಯುತ್ತದೆ. ಮೂರನೇ ಭಾಗಕ್ಕೂ ನಾಲ್ಕನೆಯದಕ್ಕೂ ನಡುವೆ ನಿಲುಗಡೆಯೇ ಇಲ್ಲ, ಶ್ರುತಿ ಸರಿಮಾಡಿಕೊಳ್ಳಲು ಎಡೆಯಿಲ್ಲ. ಇವತ್ತಿಗೂ ಟ್ರಾಂಬೋನ್‌ನವರು ಆ ಹೊತ್ತಿಗೆ ಸದ್ದಿಲ್ಲದೆ ಬಿಸಿಯುಸಿರು ತುಂಬಿಸುತ್ತ ಕೂತಿರುತ್ತಾರೆ.

ಅಂದಿನ ರಾತ್ರಿ ನಿಜಕ್ಕೂ ಕೆಟ್ಟದ್ದು ಮಾತ್ರ ಬೇರೆ ಕೃತಿ, ಪಿಯಾನೋ, ಆರ್ಕೆಸ್ಟ್ರಾ ಮತ್ತು ಗಾಯನವೃಂದಕ್ಕೆ ಬರೆದ, ಕೊನೆಯಲ್ಲಿ ನುಡಿಸಿದ ಕೋರಲ್ ಫ್ಯಾಂಟಸಿ. ಅವಸರದ ತಾಲೀಮಿನಲ್ಲಿ ಒಂದು ಭಾಗವನ್ನು ಮತ್ತೆ ನುಡಿಸುವುದು ಬೇಡ ಎಂದು ಮಾತಾಗಿತ್ತು. ಆರ್ಕೆಸ್ಟ್ರಾ ಹಾಗೇ ಮುಂದೆ ಹೋಯಿತು, ಪಿಯಾನೋ ಮುಂದೆ ಕೂತ ಬೀಥೋವನ್ ಮರೆತು ಹಿಂದಕ್ಕೆ ಹೋದ. ನಿಲ್ಲಿಸಿ ಮತ್ತೆ ಶುರು ಮಾಡಬೇಕಾಯಿತು.