‘ಆರಾಮ ಅದೀವ್ರಿ’ ಎಂದ ಮೇಲೆ ಕೇಳಬೇಕಾದದ್ದು

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ಮಲಪ್ರಭೆಯ ದಂಡೆ ಮೀರಿ ನರಗುಂದ, ರೋಣ ತಾಲ್ಲೂಕುಗಳ ಊರುಗಳಿಗೆ ನುಗ್ಗಿತು. ನೀರು ಇಳಿದ ಮೇಲೆ ಮನೆಮನೆಗೆ ಹೋಗಿ ಜನರ ಆರೋಗ್ಯ ಮತ್ತು ವಾಸದ ಸ್ಥಿತಿಯನ್ನು ದಾಖಲಿಸಿದ ತಂಡವೊಂದರಲ್ಲಿ ನಾನಿದ್ದೆ. ಇಂಥ ಸಮೀಕ್ಷೆಗೆ ರೂಢಿಯಲ್ಲಿರುವ ಒಂದು ಕ್ರಮದಂತೆ ಮನೆಗಳ 30 ಗುಂಪುಗಳನ್ನು ಆರಿಸಿ, ಒಂದೊಂದರಲ್ಲಿ 7 ಮನೆಯಂತೆ 210 ಮನೆಗಳನ್ನು ವಿಚಾರಿಸಿದರೆ ಇಡೀ ಪ್ರದೇಶದ ಅಂದಾಜು ಸಿಗುತ್ತದೆ. ಆದರೆ ವಿಚಾರಿಸುವ ರೀತಿ ತಪ್ಪಿದರೆ ಆ ಲೆಕ್ಕದಿಂದ ಪ್ರಯೋಜನವಿಲ್ಲ.

ನಮೂನೆಯ ಮೊದಲ ಪ್ರಶ್ನೆ ‘ಮನೆಯಲ್ಲಿ ಯಾರಿಗಾದರೂ ಆರೋಗ್ಯದ ತೊಂದರೆ ಇದೆಯೇ?’ ಎಂದಿತ್ತು. ಬಿದ್ದ ಗೋಡೆಯ ಮುಂದೆ ರಾಡಿ ತೆಗೆಯುತ್ತಿದ್ದವರೂ ‘ಏನಿಲ್ರಿ, ಆರಾಮ ಅದೀವ್ರಿ’ ಎಂದರು. ಅದು ಸುಳ್ಳಲ್ಲ, ಮನೆಗೆ ಬಂದವರಿಗೆ ನಮ್ಮ ಕಡೆಯವರು ತೋರುವ ಮರ್ಯಾದೆ. ಮೊದಲ ದಿನ ನಾನು ಅದನ್ನೇ ಬರೆದುಕೊಂಡು ಬಂದೆ.

ಮರುದಿನ ಒಬ್ಬ ಅಜ್ಜಿಯೂ ಹಾಗೆಯೇ ಹೇಳಿ ಕಳಿಸುವುದರಲ್ಲಿದ್ದಾಗ, ಜೊತೆಗಿದ್ದ ಆಶಾ ಕಾರ್ಯಕರ್ತೆ ‘ಯವ್ವಾ, ನಿನ್ನ ಬಿಪಿ ಗುಳಿಗಿ ತೋರ್ಸು ನೋಡೂಣು’ ಎಂದರು. ಅಜ್ಜಿ ಒಳಗಿನಿಂದ ಒಂದು ಕ್ಯಾರಿಬ್ಯಾಗ್ ತಂದರು. ಅದರಲ್ಲಿದ್ದ ಗುಳಿಗೆಗಳು ನೀರು ಹೊಕ್ಕು ಕರಗಿ, ಹಾಳೆಗೆ ಬಿಳಿ ಹಿಟ್ಟಿನಂತೆ ಮೆತ್ತಿಕೊಂಡಿದ್ದವು. ‘ನೀರು ಬಂದಾಗಿಂದ ತೊಗೊಂಡಿಲ್ಲವ್ವಾ’ ಎಂದರು. ಪರೀಕ್ಷಿಸಿದಾಗ ರಕ್ತದೊತ್ತಡ ಬಹಳ ಏರಿತ್ತು.

ಅಂದಿನಿಂದ ನಾನು ಕೇಳುವುದಕ್ಕಿಂತ ತೋರಿಸಿರಿ ಎನ್ನುವುದನ್ನು ರೂಢಿಸಿಕೊಂಡೆ. ಕುಡಿಯುವ ನೀರು ಚೆನ್ನಾಗಿದೆಯೇ ಎನ್ನುವ ಬದಲು ಕೊಡದಿಂದಲೇ ನೀರು ತರಿಸಿ, ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ದ್ರಾವಣದ ಹನಿ ಹಾಕಿ ನೋಡುತ್ತಿದ್ದೆ; ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಪ್ರವಾಹದ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಳದ ನೀರು ಹಳದಿಗೆ ತಿರುಗಿದ ಓಣಿಯಲ್ಲೇ, ಎರಡು ದಿನ ತುಂಬಿಟ್ಟ ಕೊಡದ ನೀರು ಬಣ್ಣವನ್ನೇ ತೋರದ ಮನೆಗಳಿದ್ದವು. ಶೌಚಾಲಯ ಇದೆ ಎಂದವರ ಬಾಗಿಲು ತೆರೆಸಿದರೆ ಗುಂಡಿಯವರೆಗೂ ಹೂಳು ತುಂಬಿತ್ತು. ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿ ಜ್ವರ ಸಾಮಾನ್ಯವಾಗಿ ಸೋಂಕು ತಗುಲಿದ 5ರಿಂದ 14 ದಿನಗಳಲ್ಲಿ, ಕೆಲವೊಮ್ಮೆ ತಿಂಗಳ ಹೊತ್ತಿಗೆ ಕಾಣಿಸಿಕೊಳ್ಳುವುದರಿಂದ, ಅದೇ ಮನೆಗಳಿಗೆ ಮತ್ತೊಮ್ಮೆ ಹೋಗುವುದು ಅನಿವಾರ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ತಪ್ಪು ಮಾತ್ರ ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಬೀಗ ಹಾಕಿದ ಮನೆ ಕಂಡಾಗಲೆಲ್ಲ ನಾವು ಪಕ್ಕದ ಮನೆಗೆ ಸರಿಯುತ್ತಿದ್ದೆವು. ನೆರೆಯವರನ್ನು ಕೇಳಲು ಆರಂಭಿಸಿದ ಮೇಲೆ ತಿಳಿಯಿತು: ಬಸುರಿಯರನ್ನೂ ಬಾಣಂತಿಯರನ್ನೂ ಹಾಸಿಗೆ ಹಿಡಿದ ಹಿರಿಯರನ್ನೂ ಕರೆದುಕೊಂಡು ಬೀಗರ ಊರಿಗೋ ಗಂಜಿ ಕೇಂದ್ರಕ್ಕೋ ಹೋದವರ ಮನೆಗಳು ಅವು. ಮೂರನೆಯ ದಿನ ಮಧ್ಯಾಹ್ನದಿಂದ ಗಂಜಿ ಕೇಂದ್ರಗಳಲ್ಲಿ ಅವರನ್ನು ಹುಡುಕತೊಡಗಿದೆವು.