ಜಿಂಕ್ ಕಾಲಮ್ ನಂಬುವ ಮೊದಲು

ನೆಟೆ ರೋಗ ಬಂದರೆ ತೊಗರಿ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಮಣ್ಣಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಆಳಂದ, ಜೇವರ್ಗಿ ಕಡೆಯ ಹೊಲಗಳ ಮಣ್ಣು, ಮಳೆ, ತಳಿ, ಬಿತ್ತನೆ ದಿನ ಎಲ್ಲ ಶೀಟಿಗೆ ಹಾಕಿ, ರೋಗ ಎಲ್ಲಿ ಬರುತ್ತದೆ ಅಂತ ಎಐ ಮಾಡೆಲ್‌ಗೆ ಕಲಿಸುವುದು ಕಲಬುರಗಿಯ ನಮ್ಮ ತಂಡದ ಕೆಲಸ.

ಈ ಸಲ ಮಾಡೆಲ್ ಚೆನ್ನಾಗಿ ಓಡಿತು. ಫೀಚರ್ ಇಂಪಾರ್ಟೆನ್ಸ್‌ನಲ್ಲಿ, ಅಂದರೆ ಮಾಡೆಲ್ ಯಾವ ಅಂಶವನ್ನು ಎಷ್ಟು ನೆಚ್ಚಿದೆ ಅನ್ನೋ ಪಟ್ಟಿಯಲ್ಲಿ, ಎಲ್ಲಕ್ಕಿಂತ ಮೇಲೆ ಜಿಂಕ್. ಜಿಂಕ್ ಕಡಿಮೆ ಇದ್ದಲ್ಲಿ ರೋಗ! ಸಾಹೇಬರು ಪಿಪಿಟಿಯಲ್ಲಿ 'ಹೊಸ ಶೋಧ' ಅಂತ ಬರೆಸಿಯೂ ಆಗಿತ್ತು. ಮಧ್ಯಾಹ್ನ ರಿವ್ಯೂ. ನನಗೆ ಮಾತ್ರ ತಳಿ ಅಷ್ಟು ಕೆಳಗೆ ಇದ್ದದ್ದು ಕೊರೆಯುತ್ತಿತ್ತು. ಟಿಎಸ್-3ಆರ್ ತಳಿ ನೆಟೆ ತಡೆಯುತ್ತದೆ ಅಂತಲೇ ಅಲ್ವಾ ರೈತರು ಹಾಕುವುದು?

ಶೀಟನ್ನು ಜಿಂಕ್ ಮೇಲೆ ಸಾರ್ಟ್ ಮಾಡಿದೆ. ಸಾಲಿಗೆ ಸಾಲು ಸೊನ್ನೆ. ನಮ್ಮ ಕರಿ ಮಣ್ಣಲ್ಲಿ ಜಿಂಕ್ ಕೊರತೆ ಇರುವುದು ನಿಜ, ಆದರೆ ಇಷ್ಟೊಂದು ಹೊಲಗಳಲ್ಲಿ ಒಂಚೂರೂ ಇಲ್ಲ ಅಂದರೆ? ಫೀಲ್ಡ್ ಅಸಿಸ್ಟೆಂಟ್‌ಗೆ ಫೋನ್ ಮಾಡಿದೆ. ಹೊಲದಲ್ಲಿದ್ದರು, ಲೈನ್ ಕಟ್ ಆಗುತ್ತಲೇ ಇತ್ತು. ಇತ್ತ ಹಾಲ್‌ನಲ್ಲಿ ಪ್ರೊಜೆಕ್ಟರ್ ಹಚ್ಚಿದ್ದರು, ಸಾಹೇಬರು ಒಳಗೆ ಹೋದರು. ಕೊನೆಗೆ ಅಸಿಸ್ಟೆಂಟ್ ಫೋನಿಗೆ ಸಿಕ್ಕರು.

"ರೋಗ ಬಂದ ಹೊಲದ ಮಣ್ಣು ಬ್ಯಾರೆ ಲ್ಯಾಬಿಗೆ ಕಳಿಸಿದ್ವಿರಿ ಸರ್. ಅಲ್ಲಿ ಜಿಂಕ್ ಟೆಸ್ಟೇ ಮಾಡಂಗಿಲ್ರಿ."

ಖಾಲಿ ಬಿಟ್ಟ ಜಾಗಕ್ಕೆ ಎಂಟ್ರಿ ಸಾಫ್ಟ್‌ವೇರ್ ತಾನೇ ಸೊನ್ನೆ ತುಂಬಿತ್ತು. ರೋಗದ ಕಾರಣವನ್ನಲ್ಲ, ಮಣ್ಣು ಯಾವ ಲ್ಯಾಬಿಗೆ ಹೋಗಿತ್ತು ಅನ್ನೋದನ್ನ ಮಾಡೆಲ್ ಕಂಡುಹಿಡಿದಿತ್ತು.

ಸ್ಲೈಡ್ ತೆಗೆಯೋಣ ಅಂದೆ. "ಗ್ರಾಫ್ ಚಲೋ ಬಂದದ, ಇರಲಿ ಬಿಡ್ರಿ" ಅಂದರು ಸಾಹೇಬರು. ನಾನು ಬಿಡಲಿಲ್ಲ. ಅದನ್ನು ನೋಡಿ ಯಾರಾದರೂ ರೈತರಿಗೆ ನೆಟೆಗೆ ಜಿಂಕ್ ಸಲ್ಫೇಟ್ ಹಾಕಿ ಅಂದರೆ, ಸಾಲ ಮಾಡಿ ತಂದು ಹಾಕುತ್ತಾರೆ. ಸ್ಲೈಡ್ ತೆಗೆಸಿದ ಮೇಲೆಯೇ ಕೂತೆ.

ಎಐನಿಂದ ನಿಜವಾದ ಶೋಧಗಳು ಆಗಿವೆ. ಸಕ್ಕರೆ ಕಾಯಿಲೆಗೆಂದು ಪರಿಶೀಲಿಸಿದ್ದ ಒಂದು ರಾಸಾಯನಿಕಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇದೆ ಅಂತ ಅಮೆರಿಕದ ಎಂಐಟಿಯವರ ಮಾಡೆಲ್ ಗುರುತಿಸಿದ್ದು 2020ರಲ್ಲಿ ಪ್ರಕಟವಾಯಿತು. ಅದೇ ಹ್ಯಾಲಿಸಿನ್. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಮೊದಲು ಬ್ಯಾಕ್ಟೀರಿಯಾ ಮೇಲೆ, ಆಮೇಲೆ ಇಲಿಗಳ ಮೇಲೆ ಪರೀಕ್ಷೆ ಮಾಡಿದರು.

ನಮಗೆ ಬೇಕಾದ್ದೂ ಅದೇ. ನೆಟೆ ಸಿಕ್ ಪ್ಲಾಟ್‌ನಲ್ಲಿ, ಅಂದರೆ ಪರೀಕ್ಷೆಗೆಂದೇ ರೋಗದ ಶಿಲೀಂಧ್ರ ತುಂಬಿಸಿಟ್ಟ ಹೊಲದಲ್ಲಿ, ಒಂದೇ ತಳಿ, ಅರ್ಧಕ್ಕೆ ಜಿಂಕ್, ಅರ್ಧಕ್ಕೆ ಇಲ್ಲ. ಮಾಡೆಲ್ ಓಡಿಸಲು ಹೊಸ ಜಿಪಿಯು ಚಿಪ್ ಕೇಳಿದ ಕೂಡಲೇ ಬಂತು. ಪ್ಲಾಟ್‌ನ ಫೈಲ್ ಮಾತ್ರ ಇನ್ನೂ ಟೇಬಲ್‌ನಿಂದ ಟೇಬಲ್‌ಗೆ ಓಡಾಡುತ್ತಿದೆ. ಪ್ರತಿ ಸಾಲಿಗೂ ಲ್ಯಾಬಿನ ಹೆಸರು ಸೇರಿಸಿದ್ದೇವೆ, ಖಾಲಿ ಇದ್ದದ್ದನ್ನು ಖಾಲಿಯೇ ಬಿಡುತ್ತೇವೆ. ಮಂಜೂರಾತಿ ಬಿತ್ತನೆಗೆ ಮುಂಚೆ ಬರಲೇಬೇಕು. ತಡವಾದರೆ ಇನ್ನೊಂದು ಮುಂಗಾರು ಕಾಯಬೇಕು.